ತಣ್ಣನೆ ಕೋಣೆಯ ಬಾಗಿಲು

"ಬಾಗಿಲು ಹಾಕೇ ಮುಂಡೇದೇ! ತಂಪು ಗಾಳಿ ಏನು ನಿಮ್ಮಪ್ಪನ ಮನೆಯಿಂದ ಬರುತ್ತಾ?"

ಚಾರ್ಜರಕ್ಕನ ಎರಡು ಕೈಯಲ್ಲೂ ಟ್ಯಾಬುಗಳ ಪೆಟ್ಟಿಗೆ. ಬಾಗಿಲು ಹಾಕಲು ಅವಳಿಗೇನು ಮೂರನೆಯ ಕೈ ಇತ್ತೆ? ಪೆಟ್ಟಿಗೆಯನ್ನು ನೆಲಕ್ಕಿಟ್ಟಳು, ಹಿಂದಿರುಗಿದಳು, ಮೈಯ ಭಾರವೆಲ್ಲ ಹಾಕಿ ಬಾಗಿಲನ್ನು ದೂಡಿದಳು. ಅದು ಕಬ್ಬಿಣದ ಬಾಗಿಲು. ಕಟ್ಟಡಕ್ಕೆ ಬೆಂಕಿ ಬಿದ್ದು ಮನುಷ್ಯರು ಸುಟ್ಟು ಕರಕಲಾದರೂ ಒಳಗಿನ ಮಷೀನುಗಳು ಉಳಿಯಲಿ ಎಂದು ಹಾಕಿಸಿದ್ದು. ಹಿಂದೊಮ್ಮೆ ಅದರ ಕೀಲಿನ ಕಡೆಯ ಸಂದಿಯಲ್ಲಿ ಅವಳ ಕಿರುಬೆರಳು ಸಿಕ್ಕಿಕೊಂಡು ಉಗುರೇ ಕಿತ್ತು ಬಂದಿತ್ತು. ಅವಳು ಕಿರುಚಿಕೊಂಡಾಗಲೂ ಸಂಸ್ಥೆಯ ಯಜಮಾನ ದೊಡ್ಡಸಾರ್ ಒಳಗಿನಿಂದ ಕೂಗಿದ್ದು ಇದನ್ನೇ: "ಬಾಗಿಲು ಹಾಕು!" ಉಗುರು ಆಮೇಲೆ ಬಂತು. ಸೊಟ್ಟಗೆ, ಕಪ್ಪಗೆ ಬಂತು.

ಆ ಸಂಸ್ಥೆಯ ಕಸುಬೇ ಪ್ರಶ್ನೆ ಕೇಳುವುದು. ದುಡ್ಡಿದ್ದವರು ಯಾರೋ ಏನೋ ತಿಳಿಯಬೇಕೆನ್ನುತ್ತಾರೆ: ಜನ ಯಾವ ನೀರು ಕುಡಿಯುತ್ತಾರೆ, ಯಾವ ಕಾಯಿಲೆ ಬೀಳುತ್ತಾರೆ, ಮಕ್ಕಳು ಉಳಿದವೋ ಸತ್ತವೋ. ಸಂಸ್ಥೆ ಹೆಂಗಸರ ಕೈಗೆ ಟ್ಯಾಬು ಕೊಟ್ಟು ಮನೆಮನೆಗೆ ಅಟ್ಟುತ್ತದೆ. ಅವರು ಬಿಸಿಲಲ್ಲಿ ಸುತ್ತಿ, ನಾಯಿಗಳಿಂದ ಅಟ್ಟಿಸಿಕೊಂಡು, ಉತ್ತರ ತರುತ್ತಾರೆ. ತಂದ ಮೇಲೆ ಚಾರ್ಜರಕ್ಕನ ಪಾಡು ಶುರು. ಟ್ಯಾಬುಗಳಿಗೆ ಚಾರ್ಜು ಹಾಕಬೇಕು, ನೆಟ್‌ವರ್ಕ್ ಮಲಗಿದರೆ ಎಬ್ಬಿಸಬೇಕು, ಉತ್ತರಗಳು ಒಂದೂ ಬಿಡದೆ ಸರ್ವರಿಗೆ ಸೇರಿದವೇ ನೋಡಬೇಕು, ಸರ್ವರ್ ಬಿಸಿಯಾಗದಂತೆ ಬಾಣಂತಿಯನ್ನು ಕಾದಂತೆ ಕಾಯಬೇಕು. ಮೊದಲು ಇದಕ್ಕೊಬ್ಬ ಎಂಜಿನಿಯರ್ ಇದ್ದ. ಅವನು ಬಿಟ್ಟುಹೋದ ಮೇಲೆ, ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತಿದ್ದ ಇವಳ ತಲೆಗೇ ಎಲ್ಲ ಕಟ್ಟಿದರು. ಅವನ ಕೆಲಸ ಇವಳಿಗೆ ಬಂತು, ಅವನ ಕುರ್ಚಿ ಬರಲಿಲ್ಲ. ಸದಾ ಕುತ್ತಿಗೆಗೆ ವೈರು ಸುತ್ತಿಕೊಂಡು ಓಡಾಡುವವಳಿಗೆ ಚಾರ್ಜರಕ್ಕ ಎಂಬ ಹೆಸರಾಯಿತು. ಲಾರಿಯಿಂದ ಇಳಿದು ಅಪರೂಪಕ್ಕೆ ಮನೆಗೆ ಬರುವ ಗಂಡನೂ ಹಾಗೆಯೇ ಕರೆಯುತ್ತಿದ್ದ.

ಇವತ್ತು ತಣ್ಣನೆ ಕೋಣೆಯಲ್ಲಿ ದೊಡ್ಡಸಾರ್ ಜೊತೆಗೆ ಇನ್ನೊಬ್ಬರಿದ್ದರು. ಮುಖ ನೋಡಿದರೆ ಸಭ್ಯಸ್ಥ. ಕಾಲಲ್ಲಿ ಕನ್ನಡಿಯಂತೆ ಹೊಳೆಯುವ ಬೂಟು. ಕೂತಲ್ಲೇ ಪಾದ ತಿರುಗಿಸಿ ತಿರುಗಿಸಿ, ಎಲ್ಲಾದರೂ ಕೆಸರು ಹತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದರು.

"ಇವಳೇನಾ?" ಎಂದರು ಬೂಟಿನವರು.

"ಇವಳೇ. ತೊಗಲು ಗೋದಾಮಿನ ಹಿಂದಿನ ಓಣಿಯವಳು. ಯಾಕೆ, ನಿಮಗೆ ವಾಸನೆ ಬರ್ಲಿಲ್ವಾ?" ದೊಡ್ಡಸಾರ್ ಮೂಗು ಹಿಡಿದುಕೊಂಡು ನಕ್ಕರು. "ಏಯ್, ಅಲ್ಲೇ ನಿಲ್ಲು. ಮಷೀನಿಗೆ ಹತ್ತೀತು."

ಚಾರ್ಜರಕ್ಕ ಅಲ್ಲೇ ನಿಂತಳು. ಬೆಳಿಗ್ಗೆ ಚರ್ಮ ಕಿತ್ತು ಬರುವಂತೆ ಸೋಪು ತಿಕ್ಕಿ ಮಿಂದಿದ್ದಳು, ದಿನವೂ ಮೀಯುತ್ತಿದ್ದಳು. ಆದರೂ ಇವರ ಮೂಗಿಗೆ ಮೊದಲು ಬಡಿಯುವುದು ಅವಳಲ್ಲ, ಅವಳ ಓಣಿ.

"ಆ ಓಣಿದು ಎಲ್ಲಾ ಬಂತಾ?" ದೊಡ್ಡಸಾರ್ ಕೇಳಿದರು.

"ಇವತ್ತು ಸಂಜೆ ಕೊನೇ ಟ್ಯಾಬುಗಳು ಬರ್ತವೆ ಸಾರ್. ಅವು ಬಂದ್ರೆ ಮುಗೀತು."

"ನಾಳೆ ಮಧ್ಯಾಹ್ನ ಇವರು ಬರ್ತಾರೆ. ಬೀಗ ತೆಗೆದು ತೋರಿಸ್ಬೇಕು."

ಬೀಗ ಎಂದರೆ ಕಣ್ಣಿಗೆ ಕಾಣುವ ಬೀಗವಲ್ಲ. ಜನ ಹೇಳಿದ್ದೆಲ್ಲ ಟ್ಯಾಬಿನಿಂದ ಹೊರಡುವಾಗಲೇ ಬೀಗ ಹಾಕಿಕೊಂಡು ಹೊರಡುತ್ತದೆ, ಟ್ಯಾಬು ಖಾಲಿಯಾಗುತ್ತದೆ. ಸರ್ವರಿನಲ್ಲಿ ಕೂತಿರುವುದೂ ಬೀಗದೊಳಗೆ, ದೂರದ ಇನ್ನೊಂದು ಊರಿನ ಮಷೀನಿನಲ್ಲಿರುವ ಅದರ ಪ್ರತಿಯೂ ಬೀಗದೊಳಗೆ. ಬೀಗದ ಕೈ ಇಲ್ಲದೆ ತೆರೆದು ನೋಡಿದರೆ ಕಾಣುವುದು ಬರೀ ಕಲಸುಮೇಲೋಗರದ ಅಕ್ಷರಗಳು. ಆ ಬೀಗದ ಕೈ ಇದ್ದದ್ದು ಹುಣಸೆ ಬೀಜದಷ್ಟು ಪುಟ್ಟ ಪೆನ್‌ಡ್ರೈವಿನಲ್ಲಿ. ಅಂಥವು ಎರಡಿದ್ದವು. ದೊಡ್ಡಸಾರ್ ತಮ್ಮದನ್ನು ಪ್ಯಾಂಟಿನ ಜೇಬಿನಲ್ಲಿ ಬಿಟ್ಟು ಬಟ್ಟೆ ಒಗೆಯುವ ಮಷೀನಿಗೆ ಹಾಕಿಸಿ ಕೊಂದಿದ್ದರು. ಇನ್ನೊಂದು ಮಾಡಿಡೋಣ ಸಾರ್ ಎಂದು ಚಾರ್ಜರಕ್ಕ ಹೇಳಿದಾಗ, "ನಿನ್ನ ಹತ್ರ ಇದೆಯಲ್ಲ ಬಿಡೇ, ತಲೆ ತಿನ್ಬೇಡ," ಎಂದಿದ್ದರು. ಉಳಿದದ್ದು ಅವಳ ಕೊರಳ ದಾರದಲ್ಲಿತ್ತು, ಮನೆಯ ಬೀಗದ ಕೈಯ ಪಕ್ಕದಲ್ಲಿ.

ಬೂಟಿನವರು ಮೆತ್ತಗೆ ಮಾತಾಡಿದರು. "ನೋಡಮ್ಮಾ, ಕಾಯಿಲೆ ಕಸಾಲೆ ಕಥೆ ಎಲ್ಲ ನಮಗೆ ಬೇಡ. ಯಾವ ಮನೆಯವರು ಹಕ್ಕುಪತ್ರ ಇಲ್ಲ ಅಂದಿದಾರೋ ಆ ಮನೆಗಳು ಎಲ್ಲೆಲ್ಲಿವೆ ಅನ್ನೋದು ಸಾಕು. ಮ್ಯಾಪಿನ ಮೇಲೆ ಚುಕ್ಕಿ ಬೀಳುತ್ತಂತಲ್ಲ, ಅಷ್ಟೇ." ಆಮೇಲೆ ಅವಳು ಅಲ್ಲಿ ನಿಂತೇ ಇಲ್ಲವೆಂಬಂತೆ ದೊಡ್ಡಸಾರ್ ಕಡೆ ತಿರುಗಿದರು. "ಗೋದಾಮು ನಮ್ಮ ಕೈಗೆ ಬಂದಾಯ್ತು. ಓಣಿ ಒಂದು ಖಾಲಿಯಾಗ್ಬೇಕು. ಮೊದಲು ಪತ್ರ ಇಲ್ಲದವಕ್ಕೆ ಬುಲ್ಡೋಜರ್ ಬಿಡೋದು. ಕೋರ್ಟು ಗೀರ್ಟು ಅನ್ನೋಕೆ ಅವರ ಕೈಲಿ ಏನಿರುತ್ತೆ? ಉಳಿದವು ತಾವೇ ಮೆತ್ತಗಾಗ್ತವೆ."

ಚಾರ್ಜರಕ್ಕ ಒಂದು ಹೆಜ್ಜೆ ಮುಂದಿಟ್ಟಳು. "ಸಾರ್... ಯಾರಿಗೂ ಕೊಡಲ್ಲ ಅಂತ ಓದಿ ಹೇಳಿ ತಾನೇ ಸಾರ್ ಕೇಳಿದ್ದು? ಮೋರಿ ನೀರಿಂದ ಕಾಯಿಲೆ ಬರ್ತಿದೆಯಾ ನೋಡೋಕೆ ಅಂತ..."

"ಅದು ಅವರ ಬಾಗಿಲು ತೆಗೆಸೋಕೆ ಕಣೇ. ತೆಗೆದ್ರಲ್ಲ, ಮುಗೀತು," ಎಂದರು ದೊಡ್ಡಸಾರ್.

"ಸಾರ್, ಆ ಚುಕ್ಕಿ..."

"ಚುಕ್ಕಿ ಹಾಕಿದ್ದು ಯಾರು? ನೀನೇ ತಾನೆ?"

ಹೌದು, ಅವಳೇ. ಈ ಹೆಂಗಸರು ಮರದ ಕೆಳಗೆ ಕೂತು ಬಾಯಿಗೆ ಬಂದ ಉತ್ತರ ಒತ್ತುತ್ತಾರೆ, ನಿಜವಾಗಿ ಮನೆಗೆ ಹೋದರೋ ಇಲ್ಲವೋ ಗೊತ್ತಾಗಬೇಕು, ಜಾಗದ ಗುರುತು ಬೀಳುವಂತೆ ಮಾಡು ಎಂದು ದೊಡ್ಡಸಾರ್ ಹೇಳಿದ್ದರು. ಮಾಡಿದ್ದಳು. ಜೊತೆಗಾರ್ತಿಯರ ಕಾಲಿಗೆ ಕಟ್ಟಿದ ಹಗ್ಗ ತನ್ನ ಓಣಿಯ ಕೊರಳಿಗೆ ಬೀಳುತ್ತದೆ ಎಂದು ಆ ಪೆದ್ದಿಗೆ ಹೊಳೆದಿರಲಿಲ್ಲ.

ದೊಡ್ಡಸಾರ್ ಧ್ವನಿ ಇಳಿಸಿದರು. "ನಿಮ್ಮನೆಗೂ ಪತ್ರ ಇಲ್ಲ ಅಲ್ವಾ? ನಿಂದೊಂದು ಚುಕ್ಕಿ ಅಳಿಸ್ಕೋ. ನಾವೇನು ರಾಕ್ಷಸರಾ? ನಾಳೆಯಿಂದ ನಿನಗೊಂದು ಕುರ್ಚೀನೂ ಹಾಕಿಸ್ತೀನಿ. ಹೋಗೀಗ. ಹೋಗ್ತಾ ಬಾಗಿಲು ಹಾಕು."

*

ಹೊರಗಿಂದ ಬರುವ ಹೆಂಗಸರಿಗೆ ನೆಲಮಾಳಿಗೆ. ಮಷೀನಿಗೆ ತಂಪು, ಮನುಷ್ಯರಿಗೆ ಧಗೆ. ಕಿಟಕಿ ಇಲ್ಲದ ಆ ಕೋಣೆಗೆ ಸಂಜೆ ಎಲ್ಲರಿಗಿಂತ ಮೊದಲು ನುಗ್ಗಿದವಳು ಮಾತಿನಮಲ್ಲಿ. ಕಲ್ಲನ್ನೂ ಮಾತಾಡಿಸಿ ಉತ್ತರ ತರುವವಳು ಎಂದು ಅವಳಿಗೆ ಆ ಹೆಸರು. ಟ್ಯಾಬನ್ನು ಮೇಜಿನ ಮೇಲೆ ಎಸೆದು ಹೊಟ್ಟೆ ಹಿಡಿದುಕೊಂಡಳು.

"ಮೇಲೆ ಹೋಗಿದ್ದೆ ಕಣೆ. ಆ ಜವಾನ ಕಕ್ಕಸಿನ ಬೀಗದ ಕೈ ಕೊಡಲ್ಲ ಅಂದ. ಕಾಂಟ್ರಾಕ್ಟಿನವರಿಗೆ ಇಲ್ಲವಂತೆ, ಪೆಟ್ರೋಲ್ ಬಂಕಿಗೆ ಹೋಗ್ಬೇಕಂತೆ. ಅವನ ವಂಶ ನಿರ್ವಂಶವಾಗ! ಬೆಳಗಿಂದ ಊರವರನ್ನೆಲ್ಲ 'ನಿಮ್ಮ ಮನೆಯಲ್ಲಿ ಶೌಚಾಲಯ ಇದೆಯೇ' ಅಂತ ಕೇಳ್ಕೊಂಡು ಬಂದೋಳು ನಾನು. ಈಗ ಮೇಲೆ ಹೋಗಿ ಆ ದೊಡ್ಡ ಬೋಳಿಮಗನ್ನೂ ಅದನ್ನೇ ಕೇಳ್ಬೇಕು."

ಬೇರೆ ದಿನವಾಗಿದ್ದರೆ ಚಾರ್ಜರಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಟ್ಯಾಬಿಗೆ ವೈರು ಸಿಕ್ಕಿಸಿದಳು, ಉತ್ತರಗಳು ಮೇಲೆ ಹೋಗುವ ಹಸಿರು ಗೆರೆ ಉದ್ದವಾಗುವುದನ್ನು ನೋಡಿದಳು, ಕೇಳಿದಳು: "ಕೊನೇ ಮನೆ ಯಾವುದೇ?"

"ಆ ಮೂಲೆಮನೆ. ನೀನು ಹೇಳಿದ್ಯಲ್ಲ, ಮಾತೇ ಆಡಲ್ಲ ಅಂತ, ಆ ಹೆಂಗಸು. ಬಾಗಿಲ ಸಂದಿಯಿಂದ 'ಚಾರ್ಜರಕ್ಕನ ಕಡೆಯವಳಾ?' ಅಂತ ಕೇಳಿದ್ಳು. ಹೂಂ ಅಂದೆ. ಆಮೇಲೆ ನನ್ನ ಕೈ ಹಿಡ್ಕೊಂಡು ಕೂತು ಎಲ್ಲಾ ಹೇಳಿದ್ಳು. ಹೋದ ವರ್ಷ ಸತ್ತ ಮಗೂದು. ವಾಂತಿ ಹೇಗೆ ಶುರುವಾಯ್ತು, ನೀರು ಯಾವ ಬಣ್ಣ ಇತ್ತು, ಎಲ್ಲಾ. ಟ್ಯಾಬಲ್ಲಿ ಅದಕ್ಕೆ ಜಾಗಾನೇ ಇಲ್ಲ ಕಣೆ. ಹೌದು, ಇಲ್ಲ, ಅಷ್ಟೇ ಇರೋದು. ನಾನು ಹೌದು ಒತ್ತಿ ಅತ್ತುಬಿಟ್ಟೆ."

ಚಾರ್ಜರಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಮೇಲೆ ಕೇಳಿದ್ದನ್ನೆಲ್ಲ ಹೇಳಿದಳು. ಚುಕ್ಕಿ, ಬೂಟು, ಬುಲ್ಡೋಜರ್. ಹೇಳಿ ಕೊರಳ ದಾರ ಮುಟ್ಟಿಕೊಂಡಳು. "ಇದು ಇಲ್ಲ ಅಂದ್ರೆ ಯಾರ ಕೈಗೂ ಏನೂ ಸಿಗಲ್ಲ."

ಮಾತಿನಮಲ್ಲಿ ಬಗ್ಗಿ ಆ ದಾರವನ್ನು ನೋಡಿದಳು.

"ಇಲ್ಲ ಅಂದ್ರೆ? ಏನು ಮಾಡೋಕೆ ಹೊರಟಿದೀಯ?" ಎಂದಳು. "ಆ ಹೆಂಗಸು ಹೇಳಿದ್ದೂ ಹೋಗುತ್ತಾ? ಆ ಮಗೂದೂ?"

"ಹೋಗುತ್ತೆ. ಎಲ್ಲಾ ಒಂದೇ ಬೀಗದೊಳಗಿದೆ."

"ನನ್ನ ಕೆಲಸಾನೂ ಹೋಗುತ್ತೆ ಕಣೆ ಪಾಪಿ! ನಿನಗೇನು, ಗಂಡ ಲಾರಿ ಓಡಿಸ್ತಾನೆ. ನನ್ನ ಮನೇಲಿ ಮೂಲೆಗೆ ಒರಗಿಕೊಂಡಿರೋ ಗಂಡನಿಗೆ ಗಂಜಿ ಕಾಯಿಸೋರು ಯಾರು? ಬಿಸಿಲಲ್ಲಿ ಬೆಂದು ತಂದ ಮಾತು ಅದು. ಬೆಂಕಿಗೆ ಹಾಕ್ತೀಯಾ?" ಅವಳ ಕಣ್ಣಲ್ಲಿ ಸಿಟ್ಟೂ ನೀರೂ ಒಟ್ಟಿಗೇ ಬಂದವು. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. "ನೀನು ಹೇಳಿದ್ದು ನಾನು ಕೇಳಿಸ್ಕೊಂಡಿಲ್ಲ. ನಾನು ಪೆಟ್ರೋಲ್ ಬಂಕಿಗೆ ಹೋಗಿದ್ದೆ."

*

ಓಣಿಯ ಬಾಯಲ್ಲೇ ವಾಸನೆ ಎದುರುಗೊಂಡಿತು. ಉಪ್ಪು ಸವರಿ ಪೇರಿಸಿದ ತೊಗಲಿನದು, ಸುಣ್ಣದ ತೊಟ್ಟಿಯದು, ಗೋದಾಮಿನ ಗೋಡೆಯ ತೂತಿನಿಂದ ಇಳಿದು ಮನೆಗಳ ಹೊಸಿಲು ನೆಕ್ಕಿಕೊಂಡು ಹೋಗುವ ಮೋರಿಯದು. ಈ ಓಣಿಯವರು ಹದ ಮಾಡಿದ ತೊಗಲೇ ಬೂಟಾಗಿ ಯಾರದೋ ಕಾಲಲ್ಲಿ ಹೊಳೆಯುತ್ತದೆ. ಹೊಳಪು ಅವರಿಗೆ, ನಾತ ಇವರಿಗೆ.

ಮೊದಲ ಮನೆಯ ಜಗಲಿಯಲ್ಲಿ ಕೆಮ್ಮಿನಜ್ಜ ಕೂತಿದ್ದ. ಸುಣ್ಣದ ತೊಟ್ಟಿಯಲ್ಲಿ ಆಯುಷ್ಯ ಕಳೆದವನು. ಎರಡು ಮಾತಿಗೊಮ್ಮೆ ಕೆಮ್ಮು ಅವನನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಸರ್ವೆಯವರು ಮೊದಲ ಸಲ ಬಂದಾಗ ದೊಣ್ಣೆ ತೋರಿಸಿ ಓಡಿಸಿದ್ದವನೂ ಅವನೇ. ಆಗ ಓಣಿಯ ಒಂದು ಬಾಗಿಲೂ ತೆರೆದಿರಲಿಲ್ಲ. ಹಿಂದೆಯೂ ಹೀಗೆ ಎಷ್ಟು ಜನ ಬಂದು ಕೇಳಿಕೊಂಡು ಹೋಗಿರಲಿಲ್ಲ! ಕೊನೆಗೆ ಚಾರ್ಜರಕ್ಕನೇ ಮನೆಮನೆಗೆ ಹೋಗಿ, "ಹೆದರ್ಬೇಡಿ, ನೀವು ಹೇಳಿದ್ದಕ್ಕೆ ಬೀಗ ಹಾಕಿರುತ್ತೆ, ಬೀಗದ ಕೈ ನನ್ನ ಕೊರಳಲ್ಲೇ ಇದೆ ನೋಡಿ," ಎಂದು ಎಳೆದು ತೋರಿಸಿದ್ದಳು. ಜನ ಸಂಸ್ಥೆಯನ್ನು ನಂಬಲಿಲ್ಲ, ಓದಿ ಹೇಳಿದ ಮಾತನ್ನು ನಂಬಲಿಲ್ಲ. ಇವಳ ಕೊರಳನ್ನು ನಂಬಿದರು.

"ಏನಮ್ಮಾ, ನಮ್ಮ ಮಾತೆಲ್ಲ ಮೇಲಕ್ಕೆ ಹೋಯ್ತಾ?" ಕೆಮ್ಮಿನಜ್ಜ ಕೇಳಿದ. "ಪತ್ರ ಇಲ್ಲ ಅಂತಾನೂ ಹೇಳ್ಬಿಟ್ಟೆ. ನೀನಿದೀಯಲ್ಲ ಅಂತ. ಮೋರಿ ಯಾವಾಗ ಕಟ್ತಾರಂತೆ?"

"ಹೋಯ್ತಜ್ಜಾ," ಎಂದಳು. ತಲೆ ತಗ್ಗಿಸಿ ನಡೆದಳು. ಕಳ್ಳಿಯ ನಡಿಗೆ ಅದು, ಅವಳಿಗೇ ಗೊತ್ತಾಯಿತು.

ಅತ್ತೆ ಒಲೆಯ ಮುಂದೆ ಕೂತು ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು. ತೊಗಲು ಹೆರೆಯುವ ಕೈ. ಸುಣ್ಣ ತಿಂದು ಸೀಳು ಬಿಟ್ಟಿತ್ತು. ಸೊಸೆಯ ಮುಖ ನೋಡಿದವಳೇ, "ಏನೇ, ಹೆಣ ನೋಡಿ ಬಂದೋಳ ಹಾಗಿದೀಯ? ಆ ಸರ್ವರ್ರಿಗೆ ಮತ್ತೆ ಜ್ವರ ಬಂತಾ?" ಎಂದಳು.

ಚಾರ್ಜರಕ್ಕ ಗೋಡೆಗೊರಗಿ ಕುಸಿದಳು. ಒಂದೊಂದಾಗಿ ಎಲ್ಲ ಹೇಳಿದಳು. ಮುದುಕಿ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು ಕೇಳಿದಳು.

"ಬೇಲಿಯೇ ಎದ್ದು ಹೊಲ ಮೇಯ್ತು ಅನ್ನು," ಎಂದಳು ಕೊನೆಗೆ. "ನಮ್ಮನೆ ಚುಕ್ಕಿ ಅಳಿಸ್ಕೋ ಅಂದ್ನಾ?"

"ಹೂಂ ಅತ್ತೆ."

"ಅಳಿಸಿದ್ರೆ ನಮ್ಮನೆ ಉಳಿಯುತ್ತಾ?"

"ಸದ್ಯಕ್ಕೆ ಉಳಿಯುತ್ತೆ."

ಹೊರಗೆ ಕೆಮ್ಮಿನಜ್ಜ ಕೆಮ್ಮಿದ. ಗೋಡೆ ಅಷ್ಟು ತೆಳು. ಕೆಮ್ಮು ಇವರ ಮನೆಯೊಳಗೇ ಎದ್ದಂತಿತ್ತು. ಅತ್ತೆ ಆ ಗೋಡೆಯ ಕಡೆ ನೋಡಿದಳು.

"ಅಜ್ಜನ ಗೋಡೆ ಬಿದ್ರೆ ನಮ್ಮ ಮಾಡಿಗೆ ಆಸರೆ ಎಲ್ಲಿದೆ? ಒಂದು ಗೋಡೆ, ಎರಡು ಮನೆ. ನಿಮ್ಮ ಮಷೀನಿಗೆ ಅದು ಗೊತ್ತಿದೆಯಾ?" ಎಂದಳು. "ಸುತ್ತ ಬಯಲಾದ ಮೇಲೆ ನಾವೊಬ್ರೇ ಬಾಗಿಲು ಹಾಕ್ಕೊಂಡು ಕೂರೋದಾ? ಥೂ! ಅಂಥ ಮನೇಲಿ ಅನ್ನ ಇಳಿಯುತ್ತೇನೇ?"

"ಅತ್ತೆ, ನಾನೇ ಎಲ್ಲರ ಬಾಯಿ ಬಿಡಿಸಿದ್ದು."

"ಹಾಗಾದ್ರೆ ನೀನೇ ಮುಚ್ಚು."

ಮುದುಕಿ ಅಷ್ಟೇ ಹೇಳಿ ಎಣ್ಣೆಯ ಬಟ್ಟಲನ್ನು ಮತ್ತೆ ಎಳೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಸೊಸೆಯ ಕೈಯನ್ನೂ ಎಳೆದುಕೊಂಡು, ಆ ಸೊಟ್ಟ ಉಗುರಿಗೆ ಎಣ್ಣೆ ಸವರಿದಳು. ಚಾರ್ಜರಕ್ಕ ಸದ್ದಿಲ್ಲದೆ ಅತ್ತಳು. ಮೂಲೆಮನೆಯವಳ ಮಗುವಿಗಾಗಿ ಅತ್ತಳು. ಅದು ಸತ್ತದ್ದಕ್ಕೆ ಆ ಬೀಗದೊಳಗೆ ಒಂದೇ ಒಂದು "ಹೌದು" ಇತ್ತು. ನಾಳೆ ಅದೂ ಇರುವುದಿಲ್ಲ.

*

ಮರುದಿನ ಮಧ್ಯಾಹ್ನ ನೆಲಮಾಳಿಗೆಯ ಮೆಟ್ಟಿಲ ಬಳಿ ಮಾತಿನಮಲ್ಲಿ ನಿಂತಿದ್ದಳು. ಇವಳನ್ನು ನೋಡಿ ಮುಖ ತಿರುಗಿಸಿದಳು. ಆದರೆ ಚಾರ್ಜರಕ್ಕ ಮೆಟ್ಟಿಲು ಹತ್ತುವವರೆಗೂ ಅಲ್ಲಿಂದ ಕದಲಲಿಲ್ಲ.

ತಣ್ಣನೆ ಕೋಣೆಯ ಬಾಗಿಲು ತೆರೆದೇ ಇತ್ತು. ದೊಡ್ಡಸಾರ್ ಮತ್ತು ಬೂಟಿನವರು ಬಾಗಿಲಿಗೆ ಬೆನ್ನು ಹಾಕಿ ಪರದೆಯ ಮುಂದೆ ಕೂತಿದ್ದರು. ಪರದೆಯ ಮೇಲೆ ಓಣಿಯ ಮ್ಯಾಪು, ಖಾಲಿ. ಗೋಡೆಯ ಪಕ್ಕದಲ್ಲಿ, ಹೇಳಿದಂತೆಯೇ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಅದರ ಮೇಲೆ ಬೂಟಿನವರ ಚೀಲ ಕೂತಿತ್ತು.

"ಬಂದ್ಯಾ? ಬೇಗ ಬಿಚ್ಚು. ಇವರಿಗೆ ಬೇರೆ ಕೆಲಸ ಇದೆ," ಎಂದರು ದೊಡ್ಡಸಾರ್, ತಿರುಗದೆ.

"ಸಾರ್," ಚಾರ್ಜರಕ್ಕ ಹೊಸಿಲ ಮೇಲೆ ನಿಂತು ಹೇಳಿದಳು. "ಓಣಿಯವರನ್ನ ಒಂದು ಮಾತು ಕೇಳೋಣ ಸಾರ್. ಅವರು ಹೇಳಿದ್ದಲ್ವಾ ಅದು? ಹೂಂ ಅಂದ್ರೆ ತೆಗೀತೀನಿ."

ಬೂಟಿನವರು ನಕ್ಕರು. ದೊಡ್ಡಸಾರ್ ನಗಲಿಲ್ಲ.

"ಏನಂದೆ? ತೊಗಲು ಹೆರೆಯೋರನ್ನ ನಾನು ಕೇಳ್ಬೇಕಾ? ಎಂಜಲು ಹಾಕಿ ಸಾಕಿದ್ದಕ್ಕೆ ಬೊಗಳೋದು ಬೇರೆ ಕಲಿತ್ಯಾ? ಮಷೀನ್ ಮುಟ್ಟೋಕೆ ಬಿಟ್ಟಿದ್ದೇ ನನ್ನ ತಪ್ಪು. ನಿನ್ನ ಯೋಗ್ಯತೆಗೆ ಈ ನೆಲ ಒರೆಸೋದೇ ಹೆಚ್ಚು. ಬೀಗದ ಕೈ ತಾ ಇಲ್ಲಿ!" ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದರು, ಅಂಗೈ ಮೇಲೆ ಮಾಡಿ.

ಚಾರ್ಜರಕ್ಕ ಕೊರಳ ದಾರವನ್ನು ತಲೆಯ ಮೇಲಿಂದ ತೆಗೆದಳು. ಬಿಗಿದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಮನೆಯ ಬೀಗದ ಕೈಯನ್ನು ರವಿಕೆಯೊಳಗೆ ಹಾಕಿಕೊಂಡಳು. ಪೆನ್‌ಡ್ರೈವ್ ಅವಳ ಬೆವರಿಗೆ ಒದ್ದೆಯಾಗಿತ್ತು, ಮೈಯ ಬಿಸಿಗೆ ಬೆಚ್ಚಗಿತ್ತು. ಚಾಚಿದ ಕೈಯನ್ನು ನೋಡಿದಳು. ಎಷ್ಟು ನುಣುಪಾದ ಅಂಗೈ! ಒಂದು ಸೀಳಿಲ್ಲ.

ಅವಳು ಹೊಸಿಲು ದಾಟಿ ಒಳಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಬಾಗಿಲ ಕೀಲಿನ ಕಡೆಯ ಸಂದಿ ಬಾಯಿ ತೆರೆದುಕೊಂಡಿತ್ತು. ಅದು ಏನು ಮಾಡಬಲ್ಲದು ಎಂದು ಅವಳ ಕಿರುಬೆರಳಿಗೆ ಗೊತ್ತಿತ್ತು. ಪೆನ್‌ಡ್ರೈವನ್ನು ಆ ಸಂದಿಗೆ ತುರುಕಿದಳು. ಜಾರಿ ಬೀಳದಂತೆ ಸೊಟ್ಟ ಉಗುರಿನಿಂದ ಒಳಕ್ಕೆ ಒತ್ತಿ, ಕೈ ಎಳೆದುಕೊಂಡಳು.

ಆ ಹೊತ್ತಿಗೆ ದೊಡ್ಡಸಾರ್ ಬೆನ್ನಿಗೆ ಹೊರಗಿನ ಧಗೆ ತಟ್ಟಿರಬೇಕು.

"ಬಾಗಿಲು ಹಾಕೇ ಮುಂಡೇದೇ! ಗಾಳಿ ಎಲ್ಲಾ ಹೋಗ್ತಿದೆ!"

ಚಾರ್ಜರಕ್ಕ ಹೆಗಲು ಕೊಟ್ಟಳು. ಮೈಯ ಭಾರವೆಲ್ಲ ಹಾಕಿದಳು. ಬಾಗಿಲು ಒಂದು ಕ್ಷಣ ತಡೆಯಿತು. ಕಾಲನ್ನು ನೆಲಕ್ಕೆ ಊರಿ, ಹಲ್ಲು ಕಚ್ಚಿ, ಮತ್ತೊಮ್ಮೆ ದೂಡಿದಳು. ಎಲುಬು ಮುರಿದಂಥ ಸದ್ದಾಯಿತು.

ಇಬ್ಬರೂ ಒಟ್ಟಿಗೇ ತಿರುಗಿದರು. ಹಿಂದೆ ಸರ್ವರಿನ ಹಸಿರು ದೀಪಗಳು ಏನೂ ಆಗಿಲ್ಲವೆಂಬಂತೆ ಮಿಟುಕುತ್ತಿದ್ದವು. ದೊಡ್ಡಸಾರ್ ಚಾಚಿದ ಕೈ ಇನ್ನೂ ಚಾಚಿಕೊಂಡೇ ಇತ್ತು.

"ಏನೇ ಅದು ಸದ್ದು?"

"ಬಾಗಿಲು ಹಾಕ್ದೆ ಸಾರ್," ಎಂದಳು ಚಾರ್ಜರಕ್ಕ. ಕುರ್ಚಿಯ ಮೇಲಿನ ಚೀಲವನ್ನು ನೆಲಕ್ಕಿಟ್ಟು ಅದರಲ್ಲಿ ಕೂತಳು.